ಜಾಲರಿಯ ಕೆಳಗಿನ ನೀರು

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಬಚ್ಚಲ ಜಾಲರಿಯ ಮೇಲೆ ಹೋಗುತ್ತದೆ. ನೆಂಟರ ಮನೆಯಾಗಲಿ, ಗಿರಾಕಿಯ ಮನೆಯಾಗಲಿ, ಸೋಫಾ ಹೊಸದೋ ಹಳೆಯದೋ ನಾನು ಕಾಣೆ. ಇದಕ್ಕೆ ನಮ್ಮವರು ಎಷ್ಟೋ ಸಲ ಬೈದಿದ್ದಾರೆ. ಮದುವೆಯಾದ ಹೊಸತರಲ್ಲಿ ಅವರ ಚಿಕ್ಕಪ್ಪ ಊಟಕ್ಕೆ ಕರೆದಿದ್ದರು. ಕೈ ತೊಳೆಯಲು ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ರೇಷ್ಮೆ ಸೀರೆ ಉಟ್ಟುಕೊಂಡು ಸಿಂಕಿನ ಕೆಳಗೆ ತಲೆ ತೂರಿಸಿ ಕೂತಿದ್ದೆ. ಆ ಮನೆಯವರು ಇವತ್ತಿಗೂ ಆಡಿಕೊಂಡು ನಗುತ್ತಾರೆ. ನಗಲಿ. ಅವರ ಅಡುಗೆಮನೆಯ ವಾಸನೆ ಅವತ್ತಿಗೇ ಹೋಯಿತಲ್ಲ, ಅದನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ನಾನು ಪ್ಲಂಬರ್. ಬೀದಿಯವರ ಬಾಯಲ್ಲಿ ನಲ್ಲಿ ಅಕ್ಕ. ಅಪ್ಪನದೂ ಇದೇ ಕೆಲಸ, ನನಗೆ ಕಲಿಸಿದವನೂ ಅವನೇ. ಅವನಿಗೆ ನಾನು ‘ಮೇಸ್ತ್ರಿ’, ನನ್ನ ತಮ್ಮ ‘ಪುಟ್ಟ’. ಪುಟ್ಟನಿಗೆ ಈಗ ಮುಂದಲೆ ಬೋಳಾಗಿದೆ, ಟೈಲ್ಸ್ ಅಂಗಡಿ ಇಟ್ಟಿದ್ದಾನೆ, ಆದರೂ ಪುಟ್ಟನೇ. ಪೈಪು ಮುಟ್ಟಿದರೆ ಕೈ ಗಲೀಜು ಎಂದು ಚಿಕ್ಕಂದಿನಲ್ಲೇ ಮೂಗು ಮುರಿದವನು. ಅಪ್ಪ ಅವನನ್ನು ಬಲವಂತ ಮಾಡಲಿಲ್ಲ. ನನ್ನನ್ನು ಬೇಕೋ ಬೇಡವೋ ಎಂದು ಕೇಳಲೂ ಇಲ್ಲ. ಸ್ಪ್ಯಾನರ್ ತಂದು ಕೈಗೆ ಕೊಟ್ಟ, ಅಷ್ಟೆ. ಆಗ ನಾನು ಅದಕ್ಕೆ ಹಿಗ್ಗಿ ಹೀರೇಕಾಯಿಯಾಗಿದ್ದೆ.

ಅಪ್ಪ ಮೊದಲು ಕಲಿಸಿದ್ದು ಟ್ರ್ಯಾಪ್. ಟ್ರ್ಯಾಪ್ ಅಂದರೆ ಏನು ಮಹಾ ಎನ್ನಬೇಡಿ. ನಿಮ್ಮ ಸಿಂಕಿನ ಕೆಳಗೆ ಬಗ್ಗಿ ನೋಡಿ: ಪೈಪು ನೆಟ್ಟಗೆ ಇಳಿಯುವುದಿಲ್ಲ. ಇಳಿದು, ಬಾಗಿ, ಮತ್ತೆ ಸ್ವಲ್ಪ ಮೇಲೆದ್ದು, ಆಮೇಲೆ ಗೋಡೆಯೊಳಗೆ ಹೋಗುತ್ತದೆ. ಬಚ್ಚಲ ಜಾಲರಿಯ ಕೆಳಗೂ ಅದೇ ಕಥೆ, ಅಲ್ಲಿ ಆ ಬಾಗು ಒಂದು ಬಟ್ಟಲಿನ ಹಾಗೆ ನೆಲದೊಳಗೆ ಹುದುಗಿರುತ್ತದೆ. ನೀವು ಬಕೆಟ್ಟುಗಟ್ಟಲೆ ಸುರಿದರೂ ಕೊನೆಯ ಒಂದಿಷ್ಟು ನೀರು ಅಲ್ಲೇ ನಿಂತುಬಿಡುತ್ತದೆ. ನಿಲ್ಲಲಿ ಎಂದೇ ಬಾಗಿಸಿರುವುದು. ಬೀದಿಯ ಚರಂಡಿಗೂ ನಿಮ್ಮ ಮೂಗಿಗೂ ನಡುವೆ ಇರುವುದು ಆ ಅಂಗೈಯಷ್ಟು ನೀರು. ಚರಂಡಿಯ ಗಾಳಿ ಪೈಪಿನುದ್ದಕ್ಕೂ ಹತ್ತಿ ಬಂದು ಆ ನೀರಿಗೆ ಮುಖ ಹೊಡೆಸಿಕೊಂಡು ವಾಪಸ್ಸು ಹೋಗುತ್ತದೆ. ಜಿರಲೆಗೂ ಅಷ್ಟೆ. ಆ ಗಾಳಿ ಬರೀ ವಾಸನೆಯಲ್ಲ, ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡರೆ ತಲೆ ಸಿಡಿಯುತ್ತದೆ, ವಾಂತಿ ಬರುತ್ತದೆ, ಹೆಚ್ಚಾದರೆ ಜೀವಕ್ಕೇ ಕುತ್ತು ಬರುತ್ತದೆ. ಒಬ್ಬ ಮನೆ ಮಾಲೀಕ ನನ್ನನ್ನು ಕರೆಸಿ, ಬಾಗಿನಲ್ಲಿ ಕಸ ಕಟ್ಟುತ್ತದೆ, ಅದನ್ನು ಕಿತ್ತು ನೆಟ್ಟಗಿನ ಪೈಪು ಹಾಕಿಕೊಡು ಎಂದು ಕೂತ. ಹಾಕುತ್ತೇನೆ ಸ್ವಾಮಿ, ಆಮೇಲೆ ನಿಮ್ಮ ಬಾಡಿಗೆದಾರರ ಜೊತೆ ಇಡೀ ಊರಿನ ಚರಂಡಿಯೂ ಬಂದು ಬಿಡಾರ ಹೂಡುತ್ತದೆ, ನೋಡಿಕೊಳ್ಳಿ ಎಂದೆ. ಬಾಗು ಹಾಗೇ ಉಳಿಯಿತು.

ಈ ಟ್ರ್ಯಾಪಿಗೆ ಬೇಕಾದ್ದು ಒಂದೇ, ಬಳಕೆ. ದಿನಾ ನೀರು ಬೀಳುತ್ತಿದ್ದರೆ ಅದರ ಪಾಡಿಗೆ ಅದು ಕಾವಲು ಕಾಯುತ್ತದೆ. ಬಳಸದೆ ಬಿಟ್ಟರೆ ನಿಂತ ನೀರು ಆರುತ್ತದೆ, ಬಿಸಿಲುಗಾಲದಲ್ಲಂತೂ ಬೇಗ. ಆಮೇಲೆ ಬಾಗಿಲು ತೆರೆದಿಟ್ಟ ಹಾಗೆಯೇ. ಅದಕ್ಕೇ ಅಪ್ಪ ಯಾವ ಮನೆಯ ಕೆಲಸ ಮುಗಿಸಿದರೂ ಹೊರಡುವ ಮುಂಚೆ ಒಂದೊಂದು ಜಾಲರಿಗೂ ತಾನೇ ಒಂದು ತಂಬಿಗೆ ನೀರು ಹಾಕುತ್ತಿದ್ದ. ಬೇರೆಯವರ ಕೈಲಿ ಹಾಕಿಸುತ್ತಿರಲಿಲ್ಲ. ಒಂದು ಸಲ ಖಾಲಿ ಮನೆಯೊಂದನ್ನು ನೋಡಲು ಹೋಗಿದ್ದೆವು. ಮನೆ ತೋರಿಸುತ್ತಿದ್ದವನು, ಮೊನ್ನೆ ಮೊನ್ನೆಯವರೆಗೂ ಜನ ಇದ್ದರು ಎಂದು ಪುಂಗಿ ಊದುತ್ತಿದ್ದ. ಅಪ್ಪ ಜಾಲರಿ ಎತ್ತಿ ಬೆರಳಿಟ್ಟು ನೋಡಿದವನು, ಇಲ್ಲಿ ಬಹಳ ಕಾಲದಿಂದ ಯಾರೂ ಮೈ ತೊಳೆದಿಲ್ಲ ಎಂದು ಹೇಳಿ ಎದ್ದ. ಹೊರಗೆ ಬಂದ ಮೇಲೆ ನನಗೆ ಹೇಳಿದ್ದು ಇಷ್ಟೆ: “ಜನ ಸುಳ್ಳು ಹೇಳ್ತಾರೆ ಮೇಸ್ತ್ರಿ, ಟ್ರ್ಯಾಪು ಹೇಳಲ್ಲ.”

ಆ ಮಾತನ್ನು ನಾನು ನಂಬಿದೆ. ಹೇಳಿದವನನ್ನೂ ನಂಬಿದೆ.

ಅಮ್ಮ ಹೋಗಿ ಬಹಳ ವರ್ಷವಾಗಿತ್ತು. ಅಪ್ಪ ಒಬ್ಬನೇ ಗಟ್ಟಿಮುಟ್ಟಾಗಿದ್ದವನು ಒಂದು ಬೆಳಿಗ್ಗೆ ಬಚ್ಚಲಲ್ಲೇ ಕುಸಿದ. ಎಡಗಡೆಯ ಕೈಕಾಲು ಸೋತವು. ಮಾತು ಉಳಿಯಿತು, ತಲೆ ಮೊದಲಿಗಿಂತ ಚುರುಕಾಗಿಯೇ ಉಳಿಯಿತು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುವಷ್ಟು ಕಾಲು ವಾಪಸ್ಸು ಬಂತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. ಸಕ್ಕರೆ ಕಾಯಿಲೆ ಇದೆ, ಮಲಗಿ ಮಲಗಿ ಬೆನ್ನಿನ ಚರ್ಮ ಹುಣ್ಣಾದರೆ ಮಾಯುವುದಿಲ್ಲ, ಹುಣ್ಣೇ ಜೀವ ತೆಗೆಯುತ್ತದೆ. ದಿನಾ ಸ್ನಾನ ಮಾಡಿಸಬೇಕು, ಒದ್ದೆ ಉಳಿಯದ ಹಾಗೆ ಒರೆಸಬೇಕು, ನೀರು ಚೆನ್ನಾಗಿ ಕುಡಿಸಬೇಕು. ಔಷಧಿಗಿಂತ ಇದೇ ಮುಖ್ಯ ಎಂದರು.

ನಾನು ನಮ್ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ನಮ್ಮದು ಎರಡನೇ ಮಹಡಿ, ಲಿಫ್ಟಿಲ್ಲ. ಆದರೂ ನಮ್ಮವರು ವ್ಯಾನು ಓಡಿಸುವ ಆಳು, ತೋಳಲ್ಲಿ ಬಲವಿದೆ, ಎತ್ತಿಕೊಂಡಾದರೂ ಹತ್ತಿಸುತ್ತಿದ್ದರು. ಅಪ್ಪ ನನ್ನ ಮುಖ ನೋಡದೆ, ಪುಟ್ಟನ ಮನೆ ನೆಲದ ಮೇಲೇ ಇದೆಯಲ್ಲ, ಅಲ್ಲೇ ಇರುತ್ತೇನೆ ಎಂದ. ನನಗೆ ನೋವಾಯಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷ ಅವನ ಪೆಟ್ಟಿಗೆ ಹೊತ್ತವಳು ನಾನು. ಆದರೆ ಮೆಟ್ಟಿಲಿನ ಮಾತು ನಿಜವೇ ಆಗಿತ್ತು, ನುಂಗಿಕೊಂಡೆ. ತಮ್ಮ ನನ್ನ ಕೈ ಹಿಡಿದು, “ದಿನಾ ನಾನೇ ಸ್ನಾನ ಮಾಡಿಸ್ತೀನಿ ಅಕ್ಕ, ನಿನ್ನಾಣೆ” ಅಂದ. ಅವನ ಆಣೆಯನ್ನು ನಂಬುವಷ್ಟು ದಡ್ಡಿ ನಾನಲ್ಲ. ಚಿಕ್ಕಂದಿನಿಂದ ನನ್ನಾಣೆ ಹಾಕಿ ಹಾಕಿ ಎಷ್ಟು ಸಲ ನನ್ನನ್ನು ಸಾಯಿಸಿದ್ದಾನೋ.

ಅದಕ್ಕೇ ಅವನ ಮನೆಯ ಹಿಂದಿನ ಕೋಣೆಗೆ ಅಂಟಿಕೊಂಡು ನಾನೇ ಒಂದು ಬಚ್ಚಲು ಮಾಡಿಕೊಟ್ಟೆ. ಸಂಡಾಸು ಬೇಡ, ಅದು ಹಜಾರದ ಆಚೆ ಎಲ್ಲರಿಗೂ ಇತ್ತು. ಇದು ಬರೀ ಸ್ನಾನಕ್ಕೆ: ಕೂತುಕೊಳ್ಳಲು ಒಂದು ಕಟ್ಟೆ, ಹಿಡಿದುಕೊಳ್ಳಲು ಕಂಬಿ, ಒಂದು ನಲ್ಲಿ, ಒಂದು ಜಾಲರಿ. ಆ ಜಾಲರಿಗೆ ಸ್ನಾನದ ನೀರು ಬಿಟ್ಟರೆ ಇನ್ನಾವ ನೀರೂ ಹೋಗುವ ದಾರಿಯಿರಲಿಲ್ಲ. ಅಪ್ಪ ಕುರ್ಚಿಯಲ್ಲಿ ಕೂತು, ಇಳಿಜಾರು ಸಾಲದು, ಆ ಮೂಲೆಯಲ್ಲಿ ನೀರು ನಿಲ್ಲುತ್ತದೆ ಎಂದು ನನ್ನ ತಲೆ ತಿನ್ನುತ್ತಿದ್ದ. ಕೆಲಸ ಮುಗಿದ ದಿನ ಮೊದಲ ತಂಬಿಗೆ ನೀರನ್ನು ಅವನೇ, ಸರಿಯಿದ್ದ ಬಲಗೈಯಲ್ಲಿ, ಹಾಕಿದ.

ಅಲ್ಲಿಂದ ಪ್ರತಿ ಭಾನುವಾರ ನಾನು ಹೋಗುತ್ತಿದ್ದೆ. ಬೆಳಿಗ್ಗೆ ತಿಂಡಿ ಮುಗಿಸಿ, ದಾರಿಗೆಂದು ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಂಡು ಹೊರಟರೆ, ನಾನು ಬಾಗಿಲಿಗೆ ಬರುವ ಹೊತ್ತಿಗೆ ಅಪ್ಪ ಒಗೆದ ಅಂಗಿ ಹಾಕಿಕೊಂಡು, ಕುತ್ತಿಗೆಗೆಲ್ಲ ಪೌಡರ್ ಬಳಿಸಿಕೊಂಡು, ದಿಂಬಿಗೆ ಒರಗಿ ಕೂತಿರುತ್ತಿದ್ದ. ಸ್ನಾನ ಆಯಿತೇ ಎಂದರೆ ಆಯಿತು ಎನ್ನುತ್ತಿದ್ದ. ಅಷ್ಟಕ್ಕೇ ನಿಲ್ಲಿಸುತ್ತಲೂ ಇರಲಿಲ್ಲ. ಇವತ್ತು ಪುಟ್ಟ ನೀರು ಸುಡುಸುಡು ಹಾಕಿಬಿಟ್ಟ, ಬೆನ್ನು ಉಜ್ಜುವಾಗ ಕಚಗುಳಿಯಾಯಿತು, ಕಣ್ಣಿಗೆ ಸೋಪು ಹೋಯಿತು ಎಂದು ವಿವರ ಬೇರೆ. ನಾನು ನಗುತ್ತಲೇ ಬಚ್ಚಲಿಗೆ ಹೋಗಿ ಜಾಲರಿಯನ್ನು ಬೆರಳಿನಿಂದ ಎತ್ತಿ ನೋಡುತ್ತಿದ್ದೆ. ಕೆಳಗೆ ನೀರು ತಣ್ಣಗೆ ಹೊಳೆಯುತ್ತಿತ್ತು. ತಮ್ಮನ ಮಾತು ಹಾಳಾಗಿ ಹೋಗಲಿ, ನನಗೆ ಆ ನೀರು ಸಾಕ್ಷಿ. ಜಾಲರಿ ಮುಚ್ಚಿ ಬಂದು ಅಪ್ಪನ ಪಕ್ಕ ಕೂರುತ್ತಿದ್ದೆ.

ಕೂತ ಕೂಡಲೇ ಅಪ್ಪ ನನ್ನ ಬಾಟಲಿಗೆ ಕೈ ಚಾಚುತ್ತಿದ್ದ. ಗಟಗಟ ಎಂದು ಪೂರ್ತಿ ಮುಗಿಸಿ, ಬಾಯಿ ಒರೆಸಿಕೊಂಡು, “ನಿಮ್ಮನೆ ನೀರೇ ರುಚಿ ಕಣೇ” ಅನ್ನುತ್ತಿದ್ದ.

ನನ್ನ ಮುಖ ಊರಗಲವಾಗುತ್ತಿತ್ತು. ಮನೆಗೆ ಬಂದು ನಮ್ಮವರ ಮುಂದೆ, ನೋಡಿ, ಅಪ್ಪನಿಗೆ ನಮ್ಮನೆ ನೀರೇ ಬೇಕಂತೆ ಎಂದು ಜಂಬ ಕೊಚ್ಚುತ್ತಿದ್ದೆ. ಊರಿಗೆಲ್ಲ ಒಂದೇ ಕೆರೆಯ ನೀರು ಬರುವುದು, ರುಚಿ ಎಲ್ಲಿಂದ ಬಂತು ಎಂದು ಅವರು ರೇಗಿಸುತ್ತಿದ್ದರು. ಆಮೇಲಾಮೇಲೆ ದೊಡ್ಡ ಬಾಟಲಿಯನ್ನೇ ತೆಗೆದುಕೊಂಡು ಹೋಗತೊಡಗಿದೆ.

ಹೀಗಿರುವಾಗ ಊರಾಚೆಯ ಹಾಸ್ಟೆಲ್ ಒಂದರ ಕೆಲಸ ಬಂತು. ಭಾನುವಾರವೂ ಬಿಡುವಿಲ್ಲ. ಒಂದು ವಾರ, ಇನ್ನೊಂದು ವಾರ ಎಂದು ತಿಂಗಳ ಮೇಲಾಯಿತು, ಅಪ್ಪನ ಮುಖ ನೋಡಲಾಗಲಿಲ್ಲ. ಫೋನು ಮಾತ್ರ ದಿನಾ ಮಾಡುತ್ತಿದ್ದೆ. ತಮ್ಮ ಅದೇ ಪಾಠ ಒಪ್ಪಿಸುತ್ತಿದ್ದ: ಸ್ನಾನ ಆಯಿತು, ಊಟ ಆಯಿತು, ಮಲಗಿದ್ದಾರೆ. ಬಿಸಿಲು ಆ ವರ್ಷ ನೆತ್ತಿ ಒಡೆಯುವ ಹಾಗಿತ್ತು.

ಒಂದು ಬುಧವಾರ ಹಾಸ್ಟೆಲಿಗೆ ಪೈಪು ತರಬೇಕಿದ್ದ ಲಾರಿ ಬರಲಿಲ್ಲ. ಕೆಲಸದವರನ್ನು ಮನೆಗೆ ಕಳಿಸಿ, ಹೋಗುವ ದಾರಿಯಲ್ಲೇ ಅಪ್ಪನನ್ನು ನೋಡಿಕೊಂಡು ಹೋಗೋಣ ಎಂದು ತಮ್ಮನ ಮನೆಗೆ ಹೋದೆ. ಫೋನು ಮಾಡಲಿಲ್ಲ. ಬಾಗಿಲು ತೆಗೆದ ತಮ್ಮನ ಹೆಂಡತಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಕೂತುಕೊಳ್ಳಿ ಅಕ್ಕ, ಟೀ ಮಾಡುತ್ತೇನೆ, ಮಾವ ಈಗ ತಾನೇ ಮಲಗಿದರು ಎಂದು ಹಜಾರದಲ್ಲೇ ಅಡ್ಡ ನಿಂತಳು. ಅವಳನ್ನು ದಾಟಿಕೊಂಡು ಹಿಂದಿನ ಕೋಣೆಯ ಬಾಗಿಲು ತಳ್ಳಿದೆ.

ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ರಾಚಿತು. ಈ ವಾಸನೆ ನನಗೆ ಹೊಸದಲ್ಲ, ಅನ್ನ ಕೊಡುವುದೇ ಅದು. ಆದರೆ ಅಪ್ಪ ಮಲಗುವ ಕೋಣೆಯಲ್ಲಿ ಅದು ಇರಬಾರದಿತ್ತು. ಕಿಟಕಿ ಮುಚ್ಚಿತ್ತು. ಅಪ್ಪ ಮಲಗಿರಲಿಲ್ಲ. ನನ್ನನ್ನು ನೋಡಿ ಅವನ ಮುಖ ಅರಳಬೇಕಿತ್ತು, ಅರಳಲಿಲ್ಲ. ಹೆದರಿತು.

“ಇವತ್ತು ಭಾನುವಾರ ಅಲ್ವಲ್ಲ” ಅಂದ.

ಕಿಟಕಿ ತೆಗೆದು ಬಚ್ಚಲಿಗೆ ಹೋದೆ. ನಾನು ಹಾಕಿದ ಟೈಲ್ಸಿನ ಮೇಲೆ ಧೂಳು ಕೂತಿತ್ತು, ಒದ್ದೆಯ ಗುರುತೇ ಇಲ್ಲ. ಜಾಲರಿ ಎತ್ತಿದೆ. ಬಟ್ಟಲು ಖಾಲಿ, ತಳದಲ್ಲಿ ಬಿಳಿ ಕರೆ ಕಟ್ಟಿತ್ತು, ಜಿರಲೆಯೊಂದು ಮೀಸೆ ಆಡಿಸುತ್ತಿತ್ತು. ನಲ್ಲಿ ತಿರುಗಿಸಿದೆ. ಒಂದು ಸಲ ಕೆಮ್ಮಿ ಸುಮ್ಮನಾಯಿತು. ಹಿತ್ತಲಿಗೆ ಹೋಗಿ ನೋಡಿದರೆ ಕಿಟಕಿಯ ಕೆಳಗೆ ಈ ಬಚ್ಚಲಿಗೆ ನೀರು ಕೊಡುವ ವಾಲ್ವು ಬಿಗಿಯಾಗಿ ಮುಚ್ಚಿತ್ತು. ಅದರ ಹಿಡಿಗೂ ಗೋಡೆಗೂ ಜೇಡ ಬಲೆ ಕಟ್ಟಿ, ಆ ಬಲೆಯೂ ಹಳೆಯದಾಗಿ, ತುಂಬ ಒಣ ನೊಣಗಳಿದ್ದವು. ನಿನ್ನೆ ಮೊನ್ನೆ ಮುಚ್ಚಿದ್ದಲ್ಲ. ನಾನು ಬರುವುದು ನಿಲ್ಲಿಸಿದ ಮೇಲೆ ಮುಚ್ಚಿದ್ದೂ ಅಲ್ಲ.

ಒಳಗೆ ಬಂದಾಗ ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು, ಮಾವನಿಗೆ ಮುಂದಿನ ಬಚ್ಚಲಲ್ಲಿ ಸ್ನಾನ ಅಕ್ಕ, ಅಲ್ಲಿ ಬಿಸಿನೀರು ಬರುತ್ತದಲ್ಲ ಎಂದಳು. ಹಾಗಾದರೆ ಒಳ್ಳೆಯದು ಎಂದು ಹೇಳಿ ಅಪ್ಪನ ಅಂಗಿಯ ಗುಂಡಿ ಬಿಚ್ಚಿದೆ. ಅಪ್ಪ ಬಲಗೈಯಲ್ಲಿ ಅಂಗಿಯನ್ನು ಹಿಡಿದುಕೊಂಡ. ಬೆರಳು ಬೆರಳು ಬಿಡಿಸಿದೆ. ಬೆನ್ನಿನಲ್ಲಿ, ಕುತ್ತಿಗೆಯಿಂದ ಇಳಿದ ಪೌಡರ್ ಬೆವರಿಗೆ ಕಲೆತು ಹಪ್ಪಳ ಕಟ್ಟಿತ್ತು. ಸೊಂಟದ ಮೇಲೆ ಚರ್ಮ ಕೆಂಪಾಗಿ, ಒಂದು ಕಡೆ ಒಡೆದಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಖ ಕೈಕಾಲು ನಾನು ಒರೆಸುತ್ತಿದ್ದೆ ಅಕ್ಕ, ಬೆನ್ನು ಮುಟ್ಟಲು ಮಾವ ಬಿಡುತ್ತಿರಲಿಲ್ಲ ಎಂದು ಅಳತೊಡಗಿದಳು. ಅದು ಸುಳ್ಳಿರಲಾರದು. ಗಂಡನನ್ನು ಕರೆಸು ಎಂದೆ.

ತಮ್ಮನ ಅಂಗಡಿ ಮುಂದಿನ ತಿರುವಿನಲ್ಲೇ. ಓಡಿ ಬಂದ. ಬೈಗುಳ ನನ್ನ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು, ಯಾವುದನ್ನು ಮೊದಲು ಬಿಡಲಿ ಎಂದು ತಿಳಿಯದೆ ಅಪ್ಪನ ಬೆನ್ನು ತೋರಿಸಿದೆ. ಅವನು ನೋಡಿ ಕಣ್ಣು ತಿರುಗಿಸಿಕೊಂಡ. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಮೊದಮೊದಲು ಕೆಲವು ದಿನ ಮಾಡಿಸಿದ್ದನಂತೆ. ಒಂದು ಸಲ ಅಪ್ಪ ನಲ್ಲಿ ತೆರೆದು ಮರೆತು, ಜಾಲರಿಗೆ ಟವೆಲ್ಲು ಅಡ್ಡ ಬಿದ್ದು, ಟ್ಯಾಂಕೆಲ್ಲ ಖಾಲಿಯಾಗಿ, ಕೋಣೆಗೆ ನೀರು ನುಗ್ಗಿತಂತೆ. ಆವತ್ತು ವಾಲ್ವು ಮುಚ್ಚಿದ್ದು, ನಾಳೆ ತೆಗೆದರಾಯಿತು, ನಾಡಿದ್ದು ತೆಗೆದರಾಯಿತು ಎಂದು ಹಾಗೇ ಉಳಿಯಿತಂತೆ. ಅದು ಹೋದ ಮಳೆಗಾಲಕ್ಕೂ ಮುಂಚಿನ ಮಾತು.

“ನಂಗೆ ಅಪ್ಪನ್ನ ಹಾಗೆ ನೋಡಕ್ಕಾಗಲ್ಲ ಅಕ್ಕ” ಅಂದ. “ಮೈ ಮೇಲೆ ಬಟ್ಟೆ ಇಲ್ದೆ, ಮಗು ಥರ ಕೂತಿರ್ತಾರಲ್ಲ... ನನ್ ಕೈಲಿ ಆಗಲ್ಲ.”

ನನ್ನ ಕೈಲಿ ಆಗುತ್ತದೆ ಎಂದು ಆವತ್ತೇ ಹೇಳಿದ್ದೆನಲ್ಲ, ಒಂದು ಮಾತು ಫೋನಿನಲ್ಲಿ ಉಸುರಿದ್ದರೆ ಓಡಿ ಬರುತ್ತಿದ್ದೆನಲ್ಲ ಎಂದೆ. ಸುಳ್ಳು ಹೇಳಿದ್ದಲ್ಲದೆ ಭಾನುವಾರ ಭಾನುವಾರ ಜಾಲರಿಗೆ ನೀರು ಸುರಿದು ನನ್ನ ಕಣ್ಣಿಗೆ ಮಣ್ಣೆರಚಿದೆಯಲ್ಲೋ, ಅಷ್ಟು ಬುದ್ಧಿ ಎಲ್ಲಿಂದ ಬಂತು ನಿನಗೆ ಎಂದು ಕೇಳಿದೆ.

ಅವನು ಪಿಳಿಪಿಳಿ ನೋಡಿದ. “ಯಾವ ನೀರು? ಜಾಲರಿಗೆ ನೀರು ಯಾಕೆ ಹಾಕ್ತಾರೆ?”

ಅವನ ಹೆಂಡತಿಯ ಕಡೆ ತಿರುಗಿದೆ. ಅವಳೂ ಹಾಗೇ ನೋಡುತ್ತಿದ್ದಳು. ಕೋಣೆಗೆ ದಿನಾ ಬೆಳಿಗ್ಗೆ ಬರುವುದು, ಕುಡಿಯುವ ನೀರಿನ ಜಗ್ಗು ತುಂಬಿಸಿಡುವುದು, ಕಸ ಗುಡಿಸುವುದು, ಅಷ್ಟೇ ಅಕ್ಕ, ಬಚ್ಚಲಿಗೆ ನಾನು ಕಾಲಿಟ್ಟೇ ಇಲ್ಲ ಎಂದಳು. ತಮ್ಮನ ಸುಳ್ಳು ನನಗೆ ಗೊತ್ತು, ಸುಳ್ಳು ಹೇಳುವಾಗ ಅವನು ಕಿವಿ ತುರಿಸಿಕೊಳ್ಳುತ್ತಾನೆ. ಈಗ ಕೈ ಕೆಳಗೇ ಇತ್ತು. ಟ್ರ್ಯಾಪು ಅಂದರೇನು, ಅದು ಒಣಗಿದರೆ ಏನಾಗುತ್ತದೆ, ನಲ್ಲಿ ಅಕ್ಕ ಬಂದರೆ ಮೊದಲು ಎಲ್ಲಿ ಬಗ್ಗಿ ನೋಡುತ್ತಾಳೆ, ಇದಿಷ್ಟೂ ಗೊತ್ತಿದ್ದವರು ಆ ಮನೆಯಲ್ಲಿ ಒಬ್ಬರೇ.

ಮಂಚದ ಪಕ್ಕದ ಸ್ಟೂಲಿನ ಮೇಲೆ ಜಗ್ಗು ಇತ್ತು. ಮುಕ್ಕಾಲು ತುಂಬಿತ್ತು. ನಾನು ಬಂದು ಇಷ್ಟು ಹೊತ್ತಾದರೂ, ಇಷ್ಟು ಬಿಸಿಲಿದ್ದರೂ, ಅಪ್ಪ ನನ್ನ ಬಾಟಲಿಗೆ ಕೈ ಚಾಚಿರಲಿಲ್ಲ. ಭಾನುವಾರಗಳೆಲ್ಲ ಒಂದೊಂದಾಗಿ ನೆನಪಾದವು. ಭಾನುವಾರ ಆ ಜಗ್ಗು ಯಾವಾಗಲೂ ಖಾಲಿ ಇರುತ್ತಿತ್ತು. ಚೆನ್ನಾಗಿ ನೀರು ಕುಡಿಯುತ್ತಿದ್ದಾನೆ, ಡಾಕ್ಟರ ಮಾತು ಕೇಳುತ್ತಿದ್ದಾನೆ ಎಂದು ನಾನು ಖುಷಿಪಟ್ಟುಕೊಂಡಿದ್ದೆ. ಜಾಲರಿಯ ಕೆಳಗಿನ ನೀರಿನಲ್ಲಿ ಸೋಪಿನ ನೊರೆಯಿಲ್ಲ, ಒಂದು ಕೂದಲಿಲ್ಲ, ಕುಡಿಯುವ ನೀರಿನ ಹಾಗೆ ತಿಳಿಯಾಗಿದೆ ಎಂದು ಕಂಡಾಗಲೂ, ಎಷ್ಟು ಚೊಕ್ಕಟ ಇಟ್ಟಿದ್ದಾರೆ ಎಂದುಕೊಂಡಿದ್ದೆ. ಕುಡಿಯುವ ನೀರೇ ಅದು. ಸಂಡಾಸಿನ ನಲ್ಲಿಯಿಂದ ತರೋಣವೆಂದರೆ ಹಜಾರ ದಾಟಬೇಕು, ಎಲ್ಲರ ಕಣ್ಣಿಗೆ ಬೀಳುತ್ತದೆ. ಗೋಡೆಗೆ ಭುಜ ಕೊಟ್ಟು, ಸರಿಯಿದ್ದ ಒಂದೇ ಕೈಯಲ್ಲಿ ಜಗ್ಗು ಹಿಡಿದು, ನಾನು ಬರುವ ಮುಂಚೆ ತನ್ನ ದಿನದ ನೀರನ್ನೆಲ್ಲ ಜಾಲರಿಗೆ ಸುರಿದು, ನಾಲಿಗೆ ಒಣಗಿಸಿಕೊಂಡು ಕೂತಿರುತ್ತಿದ್ದ. ಒಂದು ಭಾನುವಾರ ಮೊಣಕೈ ತರಚಿತ್ತು. ಮಂಚ ತಗುಲಿತು ಎಂದಿದ್ದ.

ತಮ್ಮ ಮಾಡಿದ್ದು ಮೋಸವೇ. ಆದರೆ ಅದು ನನಗೆ ಗೊತ್ತಿರುವ ತಮ್ಮ, ಅವನ ಮೋಸಕ್ಕೆ ನನ್ನಲ್ಲಿ ಜಾಗವಿತ್ತು. ಇದಕ್ಕೆ ಜಾಗವೇ ಇರಲಿಲ್ಲ. ಕೈ ಹಿಡಿದು ಕಲಿಸಿದ್ದನ್ನೇ ನನ್ನ ಮೇಲೆ ತಿರುಗಿಸಿದ್ದ. ನನ್ನ ಕೈಯಾರೆ ಕೂರಿಸಿದ ಟ್ರ್ಯಾಪಿನಿಂದ ವಾರ ವಾರ ನನಗೆ ಸುಳ್ಳು ಹೇಳಿಸಿದ್ದ. ತಮ್ಮನನ್ನೂ ಅವನ ಹೆಂಡತಿಯನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದೆ.

“ನೀನೇ ಅಲ್ವಾ ಅಪ್ಪ?”

ಅಪ್ಪ ಗೋಡೆ ನೋಡಿದ. ಪುಟ್ಟನಿಗೆ ಏನೂ ಅನ್ನಬೇಡ ಎಂದ. ನಾನು ಅವನ ಗಲ್ಲ ಹಿಡಿದು ಮುಖವನ್ನು ನನ್ನ ಕಡೆ ತಿರುಗಿಸಿಕೊಂಡೆ.

“ಪುಟ್ಟನ ಮಾತು ಬೇಡ. ನಂಗೆ ಯಾಕೆ ಹೀಗ್ ಮಾಡ್ದೆ? ನಾನೇನ್ ಮಾಡಿದ್ದೆ ನಿಂಗೆ?”

“ಗೊತ್ತಾದ್ರೆ ನೀನು ಅವನ್ನ ಬಿಡ್ತಿರ್ಲಿಲ್ಲ” ಅಂದ. “ಅಕ್ಕತಮ್ಮ ಮುಖ ಮುಖ ನೋಡ್ದೆ ಹೋಗ್ತಿದ್ರಿ. ಅವ್ನು ತಡ್ಕೊಳಲ್ಲ ಮೇಸ್ತ್ರಿ, ಮೆತ್ತಗಿನೋನು. ನೀನು ಗಟ್ಟಿ. ನಿಂಗೆ ಸುಳ್ಳು ಹೇಳಿದ್ರೂ ನೀನು ತಡ್ಕೋತೀಯ.”

ಇದನ್ನು ಅವನು ಹೊಗಳಿಕೆ ಎಂದುಕೊಂಡೇ ಹೇಳಿದ. ಹುಡುಗಿಯಾಗಿದ್ದಾಗ ಇದೇ ಮಾತಿಗೆ ನಾನು ಹಿಗ್ಗುತ್ತಿದ್ದೆ. ಸ್ಪ್ಯಾನರ್ ಕೊಟ್ಟಾಗಲೂ ಇದನ್ನೇ ಹೇಳಿದ್ದ, ನೀನು ಗಟ್ಟಿ ಎಂದು. ಈಗ ಸಿಟ್ಟು ಬಂತು. ಗಟ್ಟಿಯಾಗಿರುವುದಕ್ಕೆ ಇದೇನಾ ನನಗೆ ಸಿಕ್ಕಿದ್ದು? ಮೆತ್ತಗಿನವನಿಗೆ ಮನೆ, ಮರ್ಯಾದೆ, ಅಪ್ಪನ ಬಾಯಾರಿಕೆ, ಗಟ್ಟಿಯವಳಿಗೆ ಸುಳ್ಳು? ಕೇಳಬೇಕಿತ್ತು. ಕೇಳದೆ ಎದ್ದೆ.

ಹಿತ್ತಲಿಗೆ ಹೋಗಿ ಬಲೆ ಕಿತ್ತೆಸೆದು ವಾಲ್ವು ತೆಗೆದೆ. ಮೊದಲು ತುಕ್ಕಿನ ಕೆಂಪು ನೀರು ಬಂತು, ಆಮೇಲೆ ತಿಳಿಯಾಯಿತು. ಮುಂದಿನ ಬಚ್ಚಲಿನಿಂದ ತಮ್ಮನೇ ಬಿಸಿನೀರು ತಂದು ಬಾಗಿಲ ಹತ್ತಿರ ಇಟ್ಟುಹೋದ. ಅಪ್ಪನನ್ನು ಕಟ್ಟೆಯ ಮೇಲೆ ಕೂರಿಸಿ ಸ್ನಾನ ಮಾಡಿಸಿದೆ. ಬೆನ್ನಿಗೆ ಮೆತ್ತಿದ್ದ ಪೌಡರನ್ನು ನೆನೆಸಿ ನೆನೆಸಿ ಬಿಡಿಸಬೇಕಾಯಿತು. ಸೊಂಟದ ಹುಣ್ಣಿಗೆ ನೀರು ತಗುಲಿದಾಗ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ. ಬೂದು ಬಣ್ಣದ ಸೋಪು ನೀರು ಜಾಲರಿಯೊಳಗೆ ಗುಳುಗುಳು ಎಂದು ಇಳಿಯಿತು, ಕೊನೆಯದು ಬಾಗಿನಲ್ಲಿ ನಿಂತಿತು. ಒರೆಸುವಷ್ಟರಲ್ಲಿ ಕೋಣೆಯ ವಾಸನೆ ಇಳಿದಿತ್ತು.

ಆವತ್ತೇ ನಮ್ಮವರನ್ನು ವ್ಯಾನು ತರಲು ಹೇಳಿದೆ. ಅಪ್ಪ ಬೇಡ ಎನ್ನಲಿಲ್ಲ, ಬರುತ್ತೇನೆ ಎಂದೂ ಹೇಳಲಿಲ್ಲ. ಕುರ್ಚಿಯಲ್ಲಿ ಎತ್ತಿಕೊಂಡು ಹೊರಗೆ ತರುವಾಗ, ಕೋಣೆಯ ಬಾಗಿಲಲ್ಲಿ ನಿಲ್ಲಿಸಿ ನನ್ನನ್ನು ಕರೆದ. ಇನ್ನು ಇಲ್ಲಿ ಯಾರೂ ಸ್ನಾನ ಮಾಡುವುದಿಲ್ಲ, ಟ್ರ್ಯಾಪು ಮತ್ತೆ ಒಣಗುತ್ತದೆ, ಪುಟ್ಟನ ಮನೆಯೆಲ್ಲ ನಾರುತ್ತದೆ, ನೀರಿನ ಮೇಲೆ ಒಂದು ಚಮಚ ಎಣ್ಣೆ ಬಿಡು, ಬೇಗ ಆರುವುದಿಲ್ಲ ಎಂದ. ಬಹಳ ದಿನ ಬೀಗ ಹಾಕುವ ಮನೆಗೆ ನಾವು ಮಾಡುವ ಕೆಲಸ ಅದು, ಅವನೇ ಕಲಿಸಿದ್ದು. ತಮ್ಮನ ಹೆಂಡತಿ ಅಡುಗೆಮನೆಯಿಂದ ಎಣ್ಣೆ ತಂದು ನನ್ನ ಕೈಗೆ ಕೊಡಲು ಬಂದಳು. ಗಂಡನ ಕೈಗೆ ಕೊಡು, ಇಷ್ಟಾದರೂ ಕಲಿಯಲಿ ಎಂದೆ. ತಮ್ಮ ಹೋಗಿ ಜಾಲರಿ ಎತ್ತಿ, ಬಗ್ಗಿ, ಎಣ್ಣೆ ಬಿಟ್ಟು ಬಂದ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಅಳುತ್ತಿದ್ದ. ಅಪ್ಪ ವ್ಯಾನಿನಿಂದ ಅವನಿಗೇ ಕೈ ಬೀಸಿದ.

ನಮ್ಮನೆಗೆ ಬಂದು ಕೆಲವು ತಿಂಗಳಾದವು. ಹುಣ್ಣು ಮಾಯಿತು, ಡಾಕ್ಟರು ಸಮಯಕ್ಕೆ ಸರಿಯಾಗಿ ನೋಡಿದಿರಿ ಎಂದರು. ದಿನಾ ಬೆಳಿಗ್ಗೆ ನಾನೂ ನಮ್ಮವರೂ ಸ್ನಾನ ಮಾಡಿಸುತ್ತೇವೆ. ತಮ್ಮ ಭಾನುವಾರ ಬರುತ್ತಾನೆ, ಹಣ್ಣು ತರುತ್ತಾನೆ, ಅಪ್ಪನ ಕಾಲು ಒತ್ತುತ್ತಾನೆ. ನಾನು ಅವನ ಜೊತೆ ಮಾತು ಬಿಟ್ಟಿಲ್ಲ. ಅಪ್ಪ ಹೇಳಿದ್ದು ನಿಜ, ನಾನು ತಡೆದುಕೊಂಡೆ.

ಆದರೆ ಒಂದು ಹೋಯಿತು. ಕೆಲಸ ಮುಗಿಸಿ ಬಂದು ಅಪ್ಪನ ಪಕ್ಕ ಕೂತಾಗ, ಈಗಲೂ ಅವನು ಲೋಟ ಎತ್ತಿ ನೀರು ಕುಡಿದು, ಬಾಯಿ ಒರೆಸಿಕೊಂಡು, “ನಿಮ್ಮನೆ ನೀರೇ ರುಚಿ ಕಣೇ” ಅನ್ನುತ್ತಾನೆ. ಮನಸ್ಸಿನಿಂದಲೇ ಹೇಳುತ್ತಿರಬಹುದು. ನಾನು ಮೊದಲು ಜಗ್ಗಿನಲ್ಲಿ ನೀರು ಎಷ್ಟಿದೆ ಎಂದು ನೋಡುತ್ತೇನೆ, ಆಮೇಲೆ ನಗುತ್ತೇನೆ.